ಬರಗಾಲವೇ ಪ್ರೇಮಕ್ಕೆ ಹಿನ್ನೆಲೆಯಾದಾಗ

ಪತ್ರದ ಸಾರ: ‘ಬಿಯಾಂಡ್ ಬಾರ್ಡರ್ಸ್’ (2003) ನೋಡಿ ಅತ್ತುಬಿಟ್ಟೆ. ರಣಹದ್ದಿನ ಬಾಯಿಂದ ನಾಯಕಿ ಮಗುವನ್ನು ಉಳಿಸಿ ತರುವ ದೃಶ್ಯ ಇನ್ನೂ ಕಾಡುತ್ತಿದೆ. ಇಂಥ ಚಿತ್ರವನ್ನು ವಿಮರ್ಶಕರು ಅಷ್ಟೊಂದು ಜರೆದದ್ದೇಕೆ? ಯುದ್ಧದ ನಡುವೆ ಪ್ರೇಮ ಹುಟ್ಟಬಾರದೇ? – ಓದುಗರೊಬ್ಬರು, ಶಿವಮೊಗ್ಗ

ಸಂಪಾದಕರ ಉತ್ತರ: ಚಿತ್ರದ ಆಶಯದ ಬಗ್ಗೆ ನಮಗೂ ತಕರಾರಿಲ್ಲ. ನಾಯಕಿಯಾಗಿ ನಟಿಸಿದ ಏಂಜಲೀನಾ ಜೋಲಿ 2001ರಿಂದಲೇ ವಿಶ್ವಸಂಸ್ಥೆಯ ನಿರಾಶ್ರಿತರ ಸಂಸ್ಥೆಗೆ ಸದ್ಭಾವನಾ ರಾಯಭಾರಿಯಾಗಿದ್ದವರು. ಆದರೆ 1984ರ ಬರಗಾಲದ ಇಥಿಯೋಪಿಯಾ, ಆಮೇಲೆ ಕಾಂಬೋಡಿಯಾ, ಕೊನೆಗೆ ಚೆಚೆನ್ಯಾ ಹೀಗೆ ಮೂರು ಕಡೆಯ ಸಂಕಟ ನಾಯಕಿ ಮತ್ತು ವೈದ್ಯ ನಾಯಕ ಇಬ್ಬರ ಭೇಟಿಗೆ ನೆಪವಾಗಿಬಿಟ್ಟಿತು. ಸುಮಾರು 3.5 ಕೋಟಿ ಡಾಲರ್ ಸುರಿದ ಚಿತ್ರ ಅದರ ಅರ್ಧವನ್ನೂ ಗಳಿಸಲಿಲ್ಲ.

ನಿಮ್ಮನ್ನು ಅಳಿಸಿದ ದೃಶ್ಯವನ್ನೇ ನೋಡೋಣ. ಅದೇ 1984ರಲ್ಲಿ ಇಥಿಯೋಪಿಯಾದ ಮೆಕೆಲೆಯಲ್ಲಿ ರೆಡ್ ಕ್ರಾಸ್‌ನ ಆಹಾರ ಕೇಂದ್ರವೊಂದಿತ್ತು. ಅಲ್ಲಿ ನರ್ಸ್ ಕ್ಲೇರ್ ಬರ್ಟ್‌ಶಿಂಗರ್ ಅವರ ಮುಂದೆ ಸಾವಿರಕ್ಕೂ ಹೆಚ್ಚು ಮಕ್ಕಳು ಸಾಲುಗಟ್ಟಿ ಕೂತಿರುತ್ತಿದ್ದರು. ಒಳಗೆ ಸೇರಿಸಿಕೊಳ್ಳಲು ಸಾಧ್ಯವಿದ್ದದ್ದು 60–70 ಮಕ್ಕಳನ್ನು ಮಾತ್ರ. ತೀರಾ ಬಸವಳಿದ ಮಗುವನ್ನು ಅವರು ಆರಿಸುತ್ತಿರಲಿಲ್ಲ, ಬದುಕುವ ಲಕ್ಷಣವಿದ್ದ ಮಗುವನ್ನು ಆರಿಸುತ್ತಿದ್ದರು. ಸಿನಿಮಾದ ನಾಯಕಿ ಎತ್ತಿಕೊಳ್ಳುವುದು ಅವರು ಬಿಡಬೇಕಾಗಿ ಬರುತ್ತಿದ್ದಂಥ ಮಗುವನ್ನೇ. ಈ ಕ್ರೂರ ಲೆಕ್ಕದಲ್ಲೇ ಒಂದು ಇಡೀ ಚಿತ್ರಕ್ಕಾಗುವಷ್ಟು ಕಥೆಯಿತ್ತು. ಕ್ಯಾಮೆರಾ ಮಾತ್ರ ಧೂಳಿನ ನಡುವೆ ಬಿಳಿ ಬಟ್ಟೆ ತೊಟ್ಟ ನಾಯಕಿಯ ಮೇಲೇ ನೆಟ್ಟಿತು.

ಇನ್ನು, ಮಗುವನ್ನು ಎತ್ತಿ ತಂದ ಮಾತ್ರಕ್ಕೆ ಅದು ಉಳಿಯುವುದಿಲ್ಲ. ತಿಂಗಳುಗಟ್ಟಲೆ ಹಸಿದ ಮಗುವಿಗೆ ಒಮ್ಮೆಲೇ ಹೊಟ್ಟೆತುಂಬ ಉಣಿಸಿದರೆ ರಕ್ತದಲ್ಲಿದ್ದ ಪೊಟ್ಯಾಸಿಯಂ, ಫಾಸ್ಫೇಟ್ ಜೀವಕೋಶಗಳೊಳಗೆ ನುಗ್ಗಿ, ರಕ್ತದಲ್ಲಿ ಅವುಗಳ ಮಟ್ಟ ಕುಸಿದು, ಹೃದಯವೇ ನಿಲ್ಲಬಹುದು. ಅದಕ್ಕೇ ಈಗಿನ ಪದ್ಧತಿಯಲ್ಲಿ ಮೊದಲ ಕೆಲವು ದಿನ ಎಫ್-75 ಎಂಬ ತೆಳು ಹಾಲನ್ನಷ್ಟೇ ಕೊಡುತ್ತಾರೆ. ಅದರ 100 ಮಿ.ಲೀ.ಗೆ 75 ಕ್ಯಾಲೊರಿ. ಆರು ಕಿಲೊ ತೂಗುವ ಮಗುವಿಗೆ ಎರಡು ಗಂಟೆಗೊಮ್ಮೆ ಸುಮಾರು 65 ಮಿ.ಲೀ., ಅಂದರೆ ಅರ್ಧ ಲೋಟಕ್ಕೂ ಕಡಿಮೆ. ರಾತ್ರಿಯೂ ಎಬ್ಬಿಸಿ ಕುಡಿಸಬೇಕು, ಬಿಟ್ಟರೆ ಬೆಳಗಿನ ಜಾವ ಸಕ್ಕರೆ ಅಂಶ ಇಳಿದು, ಮೈ ತಣ್ಣಗಾಗಿ ಮಗು ಹೋಗಿಬಿಡುತ್ತದೆ. ರಕ್ತ ಕಡಿಮೆಯಿದ್ದರೂ ಶುರುವಿನಲ್ಲಿ ಕಬ್ಬಿಣಾಂಶದ ಔಷಧಿ ಕೊಡುವಂತಿಲ್ಲ, ಅದು ಸೋಂಕನ್ನು ಹೆಚ್ಚಿಸುತ್ತದೆ. ಶಿಬಿರದ ಕೆಲಸವೆಂದರೆ ಬಹುಪಾಲು ಹೀಗೆ ಲೋಟ, ಗಡಿಯಾರ, ನೋಂದಣಿ ಪುಸ್ತಕ. ತೆರೆಗೆ ಇದು ಸಪ್ಪೆ ಅನ್ನಿಸಿರಬೇಕು!

ಕಾಂಬೋಡಿಯಾ ಭಾಗದಲ್ಲಿ ಚಿತ್ರ ಒಂದು ನಿಜವಾದ ಪ್ರಶ್ನೆಯ ಹತ್ತಿರ ಬಂದಿತ್ತು. ಹಣ ಸಿಗುತ್ತದೆಂದು ವೈದ್ಯ ನಾಯಕ ಪರಿಹಾರ ಸಾಮಗ್ರಿಯ ಜೊತೆ ಬಂದೂಕು ಸಾಗಿಸಲು ಒಪ್ಪುತ್ತಾನೆ. ಪರಿಹಾರ ಸಂಸ್ಥೆಯ ವಾಹನವನ್ನು ತಪಾಸಣೆ ಗೇಟಿನಲ್ಲಿ ಮುಂದೆ ಬಿಡುವುದು ಒಳಗೆ ಆಯುಧವಿಲ್ಲ ಎಂಬ ನಂಬಿಕೆಯ ಮೇಲೆ. ಒಂದು ಪೆಟ್ಟಿಗೆ ಸಿಕ್ಕಿಬಿದ್ದರೆ ಆ ದಾರಿಯಲ್ಲಿ ಎಲ್ಲ ಸಂಸ್ಥೆಗಳ ಲಾರಿಯೂ ನಿಲ್ಲುತ್ತದೆ. ಪೆಟ್ಟು ಮೊದಲು ಬೀಳುವುದು ಸ್ಥಳೀಯ ಚಾಲಕ, ದುಭಾಷಿ, ನರ್ಸ್‌ಗಳಿಗೆ. ವಿದೇಶಿಯರಿಗಾದರೆ ಹತ್ತಲು ವಿಮಾನವಾದರೂ ಇರುತ್ತದೆ. ಚಿತ್ರ ಇದನ್ನು ಮುಟ್ಟಿ, ಕೈಬಿಟ್ಟು, ಮತ್ತೆ ಪ್ರೇಮಕ್ಕೇ ಮರಳುತ್ತದೆ.

ಪ್ರೇಮ ಇರಬಾರದೇ ಎಂದಿರಿ. ಖಂಡಿತ ಇರಬಹುದಿತ್ತು, ಅದೂ ಆ ಕೆಲಸದ ಒಳಗಿಂದಲೇ ಹುಟ್ಟಬಹುದಿತ್ತು. ಇಥಿಯೋಪಿಯಾ ಸರ್ಕಾರ ಬರಪೀಡಿತರನ್ನು ಬಲವಂತವಾಗಿ ದಕ್ಷಿಣಕ್ಕೆ ಸಾಗಿಸುತ್ತಿದ್ದುದನ್ನು ವೈದ್ಯರ ಅಂತರರಾಷ್ಟ್ರೀಯ ಪರಿಹಾರ ಸಂಸ್ಥೆ ಮೆದ್ಸಾನ್ ಸಾನ್ ಫ್ರಾಂಟಿಯೇರ್‌ನ ಫ್ರೆಂಚ್ ವಿಭಾಗ ಬಹಿರಂಗವಾಗಿ ಖಂಡಿಸಿತು. 1985ರ ಡಿಸೆಂಬರ್‌ನಲ್ಲಿ ಸರ್ಕಾರ ಅದನ್ನು ದೇಶದಿಂದಲೇ ಹೊರಹಾಕಿತು. ಬಾಯಿಬಿಟ್ಟರೆ ಶಿಬಿರ ಮುಚ್ಚುತ್ತದೆ, ಸುಮ್ಮನಿದ್ದರೆ ಪರಿಹಾರಕ್ಕೆಂದು ತಂದ ಗೋಧಿಯ ಆಸೆ ತೋರಿಸಿಯೇ ಸರ್ಕಾರ ಜನರನ್ನು ಲಾರಿ ಹತ್ತಿಸುತ್ತದೆ. ಒಬ್ಬರನ್ನೊಬ್ಬರು ಪ್ರೀತಿಸುವ ಇಬ್ಬರು ಇದರ ಮೇಲೆ ಜಗಳವಾಡಿದ್ದರೆ ನಾವೂ ನಿಮ್ಮ ಪಕ್ಕದಲ್ಲೇ ಕೂತು ಅಳುತ್ತಿದ್ದೆವು.