ಕಟ್ ತಪ್ಪಿದ ರಾತ್ರಿಯ ನಿದ್ದೆ

ಈ ಪ್ರಕರಣವನ್ನು ಬರೆಯಲು ಆ ಯುವಕನ ಒಪ್ಪಿಗೆಯಿದೆ. ಗುರುತು ಸಿಗಬಾರದೆಂದು ಮನೆಯ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಇದೇ ತೊಡಕು ಬೇರೆ ಬೇರೆ ವೇಷದಲ್ಲಿ ಆಪ್ತಸಲಹೆಗೆಂದು ನನ್ನ ಬಳಿಗೆ ಬರುತ್ತಲೇ ಇದೆ. ಧಾರವಾಡದಲ್ಲಿ ಕೋಣೆ ಹಿಡಿದು ಕೆಎಎಸ್‌ಗೆ ಓದುತ್ತಿರುವ ಹುಡುಗ, ವಿಜಯಪುರದ ಸೈಕ್ಲಿಂಗ್ ಹುಡುಗಿ, ಗರಡಿಯಲ್ಲೇ ಮೂವತ್ತು ದಾಟಿದ ಜಮಖಂಡಿ ಕಡೆಯ ಪೈಲ್ವಾನ, ಇವರೆಲ್ಲರ ಹಿಂದೆ ಒಂದು ಮನೆ ತನ್ನಲ್ಲಿದ್ದುದನ್ನೆಲ್ಲ ಪಣಕ್ಕಿಟ್ಟು ಕೂತಿರುತ್ತದೆ. ಈ ಬಾರಿ ಬಂದವನು ವೃತ್ತಿಪರ ಗಾಲ್ಫ್ ಆಟಗಾರ.

ಬೆಳಗಾವಿಯಲ್ಲಿ ಗಾಲ್ಫ್ ಮೈದಾನ ಇದೆಯೆಂಬುದು ಊರಿನ ಬಹುಪಾಲು ಜನರಿಗೆ ಗೊತ್ತಾದದ್ದು 2022ರ ಆಗಸ್ಟ್‌ನಲ್ಲಿ, ಅಲ್ಲಿಗೆ ಚಿರತೆ ಸೇರಿಕೊಂಡು ಸುತ್ತಲಿನ ಶಾಲೆಗಳಿಗೆ ರಜೆ ಕೊಟ್ಟಾಗ. ಹುಡುಕಾಟಕ್ಕೆ ಸಕ್ರೆಬೈಲಿನಿಂದ ಆನೆಗಳೂ ಬಂದಿದ್ದವು. ಪೈಲ್ವಾನ ಸೋತರೆ ಏಕೆ ಸೋತನೆಂದು ಚಹಾದಂಗಡಿಯಲ್ಲಿ ಕೂತವರೂ ವಿವರಿಸಬಲ್ಲರು. ಗಾಲ್ಫ್ ಆಡುವವನು ಸೋತು ಊರಿಗೆ ಬಂದರೆ ಅವನ ಸೋಲನ್ನು ಅರ್ಥ ಮಾಡಿಕೊಳ್ಳುವವರೇ ಇಲ್ಲ. ಆ ಒಂಟಿತನವೂ ಈ ಪ್ರಕರಣದ ಒಂದು ಭಾಗ.

ಮನೆಯದು ಕಬ್ಬಿನ ಬೇಸಾಯ. ಬಾಲ್ಯದಲ್ಲಿ ಚೆಂಡು ಹೆಕ್ಕಿ ಕೊಡುತ್ತಿದ್ದವನು ಮುಂದೆ ಆಟಗಾರರ ಚೀಲ ಹೊರುವ ಕ್ಯಾಡಿಯಾದ. ಯಾರೋ ಅಧಿಕಾರಿ ಕೊಟ್ಟ ಹಳೆಯ ಗಾಲ್ಫ್ ಕೋಲುಗಳಲ್ಲಿ ಆಡುತ್ತ ಕೈ ಪಳಗಿತು. ಬಿಡದಿ ಬಳಿಯ ಈಗಲ್‌ಟನ್ ಮೈದಾನದ ಪಕ್ಕದ ಹಳ್ಳಿಯಿಂದ ಬಂದು ದೇಶದ ಮುಂಚೂಣಿ ಆಟಗಾರರಾದ ಚಿಕ್ಕರಂಗಪ್ಪನವರ ಹೆಸರು ಆ ಮನೆಯಲ್ಲಿ ದಿನವೂ ಕೇಳುತ್ತಿತ್ತು. 'ಅವರಿಗೆ ಆದದ್ದು ನಿನಗೇಕೆ ಆಗಬಾರದು' ಎಂದು ತಂದೆ ಒಂದು ಎಕರೆ ಮಾರಿದರು. ಅಕ್ಕ ತನ್ನ ಬಂಗಾರವನ್ನು ಪತ್ತಿನ ಸಂಘದಲ್ಲಿ ಅಡವಿಟ್ಟಳು. ಅರ್ಹತಾ ಸುತ್ತು ದಾಟಿ, ದೇಶದ ವೃತ್ತಿಪರ ಗಾಲ್ಫ್ ಸರಣಿಯಾದ ಪಿಜಿಟಿಐ ಪಂದ್ಯಗಳಲ್ಲಿ ಆಡತೊಡಗಿದ. ಮೊದಲ ವರ್ಷ ತಕ್ಕಮಟ್ಟಿಗೆ ಚೆನ್ನಾಗಿಯೇ ನಡೆಯಿತು. ಆಮೇಲೆ ಪಂದ್ಯದ ಮೇಲೆ ಪಂದ್ಯ ಕಟ್ ತಪ್ಪತೊಡಗಿತು.

ಕಟ್ ಎಂದರೇನೆಂದು ಹೇಳಲೇಬೇಕು. ನಾಲ್ಕು ದಿನಗಳ ಪಂದ್ಯದಲ್ಲಿ ಮೊದಲ ಎರಡು ದಿನ, ಅಂದರೆ 36 ಕುಳಿ, ಎಲ್ಲರೂ ಆಡುತ್ತಾರೆ. ಆಮೇಲೆ ಸಾಮಾನ್ಯವಾಗಿ ಮೊದಲ ಐವತ್ತರ ಆಸುಪಾಸಿನವರು ಉಳಿದು ಮಿಕ್ಕವರು ಗಂಟುಮೂಟೆ ಕಟ್ಟುತ್ತಾರೆ. ಹಾಗೆ ಹೊರಟವರಿಗೆ ಒಂದು ರೂಪಾಯಿಯೂ ಇಲ್ಲ. ರೈಲು, ವಸತಿ, ಪ್ರವೇಶ ಶುಲ್ಕ, ಕ್ಯಾಡಿಯ ಕೂಲಿ ಎಲ್ಲವೂ ಕೈಯಿಂದಲೇ. ಜಮ್‌ಶೆಡ್‌ಪುರಕ್ಕೋ ಅಸ್ಸಾಮಿನ ದಿಗ್ಬೋಯ್‌ಗೋ ಬೆಳಗಾವಿಯಿಂದ ಹೋಗಿ ಎರಡೇ ದಿನದಲ್ಲಿ ಮರಳುವುದೆಂದರೆ ಏನೆಂದು ಲೆಕ್ಕ ಹಾಕಿ. ಒಟ್ಟು ಒಂದು ಕೋಟಿ ಬಹುಮಾನದ ಪಂದ್ಯ ಗೆದ್ದವನಿಗೆ 15 ಲಕ್ಷ ಸಿಗುತ್ತದೆ, ನಿಜ. ಕೊನೆಯವನಾಗಿ ಕಟ್ ದಾಟಿದವನಿಗೆ ಹೋಗಿಬಂದ ಖರ್ಚು ಹುಟ್ಟಿದರೆ ಅದೇ ಪುಣ್ಯ.

ಆತ ನನ್ನ ಬಳಿ ಬಂದದ್ದು ಕೈ ಅದುರುತ್ತದೆಂದು. ಮೂರ್ನಾಲ್ಕು ಅಡಿಯ ಪಟ್‌ನಲ್ಲಿ, ಅಂದರೆ ಚೆಂಡನ್ನು ಮೆಲ್ಲಗೆ ಕುಳಿಗೆ ಉರುಳಿಸುವ ಹೊಡೆತದಲ್ಲಿ, ಮಣಿಕಟ್ಟು ತಾನಾಗಿಯೇ ಕೊಸರುತ್ತದೆ, ಚೆಂಡು ಕುಳಿಯ ಅಂಚು ಸವರಿಕೊಂಡು ಹೋಗುತ್ತದೆ. ಗಾಲ್ಫ್‌ನವರು ಇದಕ್ಕೆ ಯಿಪ್ಸ್ ಎನ್ನುತ್ತಾರೆ. 1985 ಮತ್ತು 1993ರಲ್ಲಿ ಗಾಲ್ಫ್‌ನ ದೊಡ್ಡ ಪಂದ್ಯವಾದ ಮಾಸ್ಟರ್ಸ್ ಗೆದ್ದ ಬರ್ನ್‌ಹಾರ್ಡ್ ಲ್ಯಾಂಗರ್ ಕೂಡ ಇದರಿಂದ ನರಳಿದವರು ಎಂಬುದನ್ನು ನನಗೆ ಹೇಳಿದ್ದು ಅವನೇ. ಇದು ನರಗಳ ದೋಷವೂ ಆಗಿರಬಹುದು, ಮನಸ್ಸಿನ ಒತ್ತಡವೂ ಆಗಿರಬಹುದು. ಆದ್ದರಿಂದ ಮೊದಲು ನರರೋಗ ತಜ್ಞರ ಬಳಿ ಕಳುಹಿಸಿದೆ. ಅಲ್ಲಿ ಏನೂ ಕಾಣಲಿಲ್ಲ. ಆಪ್ತಸಲಹೆಗೆ ಬಂದವರ ದೈಹಿಕ ಲಕ್ಷಣವನ್ನು ವೈದ್ಯರಿಗೆ ತೋರಿಸದೆ ಮಾತಿನಲ್ಲೇ ವಾಸಿ ಮಾಡಲು ಹೊರಡುವುದು ಅಪಾಯ ಎಂಬುದನ್ನು ನಾನು ಯಾವತ್ತೂ ಬಿಟ್ಟುಕೊಡುವುದಿಲ್ಲ.

ಒಂದು ಸಂಜೆ ಅಭ್ಯಾಸ ಮುಗಿಸಿ ಪಟರ್, ಅಂದರೆ ಪಟ್ ಹೊಡೆಯುವ ಕೋಲು, ಹಿಡಿದುಕೊಂಡೇ ಬಂದಿದ್ದ. ತೋರಿಸು ಎಂದೆ. ನೀರಿನ ಸ್ಟೀಲ್ ಲೋಟವನ್ನು ಜಮಖಾನೆಯ ಆ ತುದಿಯಲ್ಲಿ ಅಡ್ಡ ಮಲಗಿಸಿದ. ಗಾಲ್ಫ್ ಕುಳಿಯ ಅಗಲ 108 ಮಿಲಿಮೀಟರ್, ಲೋಟದ ಬಾಯಿ ಅದಕ್ಕಿಂತ ಎಷ್ಟೋ ಕಿರಿದು. ಮೊಣಕಾಲು ಸ್ವಲ್ಪ ಮಡಿಸಿ, ಉಸಿರು ಬಿಟ್ಟು, ಹೊಡೆದ. ಚೆಂಡು ಠಣ್ ಎಂದು ಒಳಗೆ ಹೋಯಿತು. ಮತ್ತೆ ಹೊಡೆದ, ಮತ್ತೆ ಹೋಯಿತು. ಮಣಿಕಟ್ಟು ಒಮ್ಮೆಯೂ ಕೊಸರಲಿಲ್ಲ.

ನಾನು ಆಟದ ಮಾತು ಬಿಟ್ಟು ನಿದ್ದೆಯ ಬಗ್ಗೆ ಕೇಳಿದೆ. ಎಲ್ಲರಿಗೂ ಕೇಳುವ ಪ್ರಶ್ನೆ ಅದು. ಲೋಟ ಎತ್ತಿಡುತ್ತ ಆತ ಹೇಳಿದ: 'ಕಟ್ ತಪ್ಪಿದ ರಾತ್ರಿ ಚೆನ್ನಾಗಿ ನಿದ್ದೆ ಬರುತ್ತದೆ. ಉಳಿದ ದಿನ ಇಲ್ಲ.'

ದಾಟಿದ ರಾತ್ರಿ?

'ಆ ರಾತ್ರಿಯಂತೂ ಕಣ್ಣೇ ಮುಚ್ಚುವುದಿಲ್ಲ. ಅಪ್ಪ ಊರಿಗೆಲ್ಲ ಹೇಳುತ್ತಾರೆ. ಸಂಘದ ಮ್ಯಾನೇಜರ್‌ಗೂ ಹೇಳುತ್ತಾರೆ. ಕೊನೆಗೆ ನಲವತ್ತೈದನೆಯವನಾಗಿ ಒಂದಿಷ್ಟು ದುಡ್ಡು ಬರುತ್ತದೆ. ಆ ದುಡ್ಡು ತೋರಿಸಿ ಇನ್ನೊಂದು ವರ್ಷ ನೋಡೋಣ ಎನ್ನುತ್ತಾರೆ. ತಪ್ಪಿದರೆ ಎರಡು ದಿನ ಯಾರೂ ಮಾತಾಡುವುದಿಲ್ಲ.'

ಅಲ್ಲಿಯವರೆಗೆ ನಾವಿಬ್ಬರೂ ಸೋಲಿನ ಭಯದ ಬಗ್ಗೆ ಮಾತಾಡುತ್ತಿದ್ದೆವು. ಅವನನ್ನು ಹಿಂಡುತ್ತಿದ್ದುದು ಅಲ್ಪಸ್ವಲ್ಪ ಗೆಲುವು. ಪ್ರತಿಯೊಂದು ಸಣ್ಣ ಗೆಲುವೂ ಸಾಲದ ಅವಧಿಯನ್ನು ಮುಂದಕ್ಕೆ ಹಾಕುತ್ತಿತ್ತು. ನಾಲ್ಕಡಿಯ ಪಟ್ ಒಳಗೆ ಹೋದರೆ ಅಕ್ಕನ ಬಂಗಾರ ಇನ್ನೊಂದು ವರ್ಷ ಸಂಘದ ತಿಜೋರಿಯಲ್ಲೇ ಉಳಿಯುತ್ತದೆ. ಹಾಗಿರುವಾಗ ಕೈ ಏಕೆ ಅದುರಬಾರದು?

ಇದನ್ನು ಕೇಳಿಸಿಕೊಂಡ ಮೇಲೆ 'ಹಠ ಬಿಡಬೇಡ' ಎಂದು ಹೇಳುವುದು ನನ್ನಿಂದ ಸಾಧ್ಯವಿರಲಿಲ್ಲ. ಹಾಗೆ ಹೇಳುವವರ ಕಿಸೆಯಿಂದ ಏನೂ ಹೋಗುವುದಿಲ್ಲ. ಶಾಲಾ ಸಮಾರಂಭಗಳಲ್ಲಿ ಬೆಂಗಳೂರಿನ ಅದಿತಿ ಅಶೋಕ್ ಅವರ ಉದಾಹರಣೆ ಕೊಡುತ್ತಾರೆ. ಟೋಕಿಯೊ ಒಲಿಂಪಿಕ್ಸ್‌ನಲ್ಲಿ ನಾಲ್ಕು ದಿನ, 72 ಕುಳಿ ಆಡಿ ಒಂದೇ ಒಂದು ಹೊಡೆತದಲ್ಲಿ ಅವರಿಗೆ ಕಂಚು ತಪ್ಪಿತು. ಅವರ ಬಗ್ಗೆ ನನಗೆ ಅಪಾರ ಗೌರವವಿದೆ. ಆದರೆ ಶಿಖರದಲ್ಲಿರುವವರ ಕಥೆ ಹೇಳುವಾಗ, ಅದೇ ಆಟದಲ್ಲಿ ಪ್ರತಿ ವಾರ ಎರಡನೆಯ ದಿನವೇ ಮನೆಗೆ ಹೊರಡುವ ಪ್ರತಿಭಾವಂತರ ಮಾತನ್ನೂ ಮಕ್ಕಳಿಗೆ ಹೇಳಬೇಕು. ಅವರು ಸೋಮಾರಿಗಳಲ್ಲ. ನೂರಕ್ಕೂ ಹೆಚ್ಚು ಜನ ಆಡುವ ಕಣದಲ್ಲಿ ಅರ್ಧದಷ್ಟು ಜನ ಹೊರಬೀಳಲೇಬೇಕೆಂದು ನಿಯಮವೇ ಹೇಳುತ್ತದೆ.

'ಬಿಟ್ಟುಬಿಡು' ಎಂದೂ ಹೇಳಲಿಲ್ಲ. ಅದು ನನ್ನ ಕೆಲಸವಲ್ಲ.

ತಂದೆಯನ್ನೂ ಅಕ್ಕನನ್ನೂ ಕರೆಸಿದೆ. ತಂದೆ ಮೊದಲು ಸಿಡುಕಿದರು: 'ನಾನು ದುಡ್ಡು ವಾಪಸು ಕೇಳಿದ್ದೇನೆಯೇ? ಕಟ್ ಆಯಿತೇ ಇಲ್ಲವೇ ಎಂದಷ್ಟೇ ಕೇಳುತ್ತೇನೆ. ಆ ಆಟದಲ್ಲಿ ನನಗೆ ತಿಳಿದಿರುವುದು ಅಷ್ಟೇ.' ಆ ಮಾತು ಸುಳ್ಳಲ್ಲ. ಮಗನ ಬಗ್ಗೆ ಅವರಿಗಿದ್ದ ಪ್ರೀತಿಯೂ ಸುಳ್ಳಲ್ಲ. ಆದರೆ ಪ್ರೀತಿಯ ಮಾತಿನಲ್ಲೇ ಆ ದಿನವನ್ನು ಮುಗಿಸಲು ನಾನು ಬಿಡಲಿಲ್ಲ. ಸಂಘದ ಬಡ್ಡಿ ಎಷ್ಟಾಗಿದೆ, ಹೊಲ ಮಾರಿದ ದುಡ್ಡಿನಲ್ಲಿ ಎಷ್ಟು ಉಳಿದಿದೆ, ಕಾರ್ಖಾನೆಯಿಂದ ಕಬ್ಬಿನ ಬಿಲ್ಲು ಎಷ್ಟು ಬರಬೇಕು ಎಂಬುದನ್ನು ಮೂವರೂ ಸೇರಿ ಒಂದೇ ಹಾಳೆಯಲ್ಲಿ ಬರೆದರು. ಪ್ರತಿಯೊಬ್ಬರ ತಲೆಯಲ್ಲೂ ಬೇರೆ ಬೇರೆ ಮೊತ್ತವಿತ್ತು. ಮಗನ ತಲೆಯಲ್ಲಿದ್ದದ್ದೇ ಎಲ್ಲಕ್ಕಿಂತ ದೊಡ್ಡದು. ಆಮೇಲೆ ಒಂದೊಂದು ಬಾಬಿನ ಮುಂದೆಯೂ ಅದು ಕೊಟ್ಟದ್ದೋ ಸಾಲವೋ ಎಂದು ಬರೆಸಿದೆ. ಹೊಲದ ದುಡ್ಡಿನ ಮುಂದೆ ತಂದೆ 'ಕೊಟ್ಟದ್ದು' ಎಂದು ತಾವೇ ಬರೆದರು. ಬಂಗಾರದ ಮುಂದೆ ಅಕ್ಕ 'ಸಾಲ' ಎಂದು ಬರೆದಳು. ತಂದೆಗೆ ಅದು ಹಿಡಿಸಲಿಲ್ಲ. ನನಗೆ ಹಿಡಿಸಿತು. ಆ ಮನೆಯಲ್ಲಿ ಇದ್ದದ್ದನ್ನು ಇದ್ದ ಹಾಗೆ ಹೇಳಿದವಳು ಅವಳೇ.

ನಾನು ಕೊಟ್ಟ ಸಲಹೆ ಇಷ್ಟು. ಈಗಿನಿಂದ ಮನೆಯ ಹಣ ಗಾಲ್ಫ್‌ಗೆ ಹೋಗಬಾರದು. ಆತ ಆಟ ಕಲಿಸುವ ಕೆಲಸ ಹಿಡಿಯಬೇಕು, ನ್ಯಾಷನಲ್ ಗಾಲ್ಫ್ ಅಕಾಡೆಮಿ ಆಫ್ ಇಂಡಿಯಾದ ತರಬೇತುದಾರರ ಪ್ರಮಾಣಪತ್ರಕ್ಕೆ ಸಿದ್ಧತೆ ನಡೆಸಬೇಕು. ಸಂಬಳದಿಂದ ಮೊದಲು ಬಂಗಾರದ ಕಂತು, ಉಳಿದದ್ದರಲ್ಲಿ ಆಗುವಷ್ಟೇ ಪಂದ್ಯಗಳು. ಎಲ್ಲಿಯವರೆಗೆ ಆಡುವುದೆಂಬ ದಿನಾಂಕವನ್ನು ಆತನೇ, ಪಂದ್ಯವಿಲ್ಲದ ಒಂದು ದಿನ, ಬರೆದಿಡಬೇಕು. ಸೋತ ವಾರದಲ್ಲಿ ಅದನ್ನು ಹಿಂದಕ್ಕೆ ತರುವಂತಿಲ್ಲ, ಗೆದ್ದ ವಾರದಲ್ಲಿ ಮುಂದಕ್ಕೆ ಹಾಕುವಂತಿಲ್ಲ.

ಈ ಕೊನೆಯ ಮಾತಿಗೆ ಆತನ ತರಬೇತುದಾರರು ನನ್ನ ಮೇಲೆ ಸಿಟ್ಟಾದರು. ಆಟಗಾರನ ತಲೆಯಲ್ಲಿ ಮುಕ್ತಾಯದ ದಿನಾಂಕ ತುರುಕಿದರೆ ಅವನು ಇನ್ನೇನು ಆಡುತ್ತಾನೆ ಎಂದು ಫೋನಿನಲ್ಲಿ ಕೇಳಿದರು. ಅವರ ಕಾಳಜಿ ಸಾಚಾ. ಆದರೂ ನಾನು ಆ ಸಲಹೆಯನ್ನು ಸಮರ್ಥಿಸಿಕೊಳ್ಳುತ್ತೇನೆ. ಮುಕ್ತಾಯದ ದಿನ ಮೊದಲೂ ಇತ್ತು. ಅದು ಸಂಘದ ನೋಟಿಸಿನಲ್ಲಿ, ಅಕ್ಕನ ಅತ್ತೆಮನೆಯವರ ತಾಳ್ಮೆಯಲ್ಲಿ, ಈ ವರ್ಷದ ಮಳೆಯಲ್ಲಿ ಇತ್ತು. ಯಾವ ವಾರ ಯಾವುದು ಮುಗಿದುಬಿಡುತ್ತದೋ ತಿಳಿಯದೆ ಆತ ಪ್ರತಿ ಪಟ್ ಮುಂದೆ ನಿಲ್ಲುತ್ತಿದ್ದ. ತಾನೇ ಇಟ್ಟುಕೊಂಡ ದಿನಾಂಕ ಅದಕ್ಕಿಂತ ಹಗುರ ಎಂಬುದು ನನ್ನ ದೃಢವಾದ ನಂಬಿಕೆ. ಕೆಎಎಸ್ ಓದುವವರ ಮನೆಗಳಲ್ಲೂ ಇದನ್ನೇ ಹೇಳುತ್ತೇನೆ: ಮಗ ಪರೀಕ್ಷೆಗೆ ಹೊರಡುವ ಮುನ್ನ ಹಾಳೆ ತೆಗೆದುಕೊಂಡು ಕೂತುಕೊಳ್ಳಿ, ಫಲಿತಾಂಶ ಬಂದ ರಾತ್ರಿ ಅಲ್ಲ. ಆ ರಾತ್ರಿ ಯಾರ ಲೆಕ್ಕವೂ ಸರಿ ಇರುವುದಿಲ್ಲ.

ಕೈ ಅದುರುವುದು ಪೂರ್ತಿ ನಿಂತಿಲ್ಲ, ಕಡಿಮೆಯಾಗಿದೆ. ಬೆಳಗಿನ ಹೊತ್ತು ಮಕ್ಕಳಿಗೆ ಕಲಿಸುತ್ತಾನೆ. ಬಂಗಾರದ ಕಂತು ತಪ್ಪಿಲ್ಲ. ಈ ಋತುವಿನಲ್ಲಿ ಹಿಂದಿಗಿಂತ ಕಡಿಮೆ ಪಂದ್ಯ ಆಡಿದ್ದಾನೆ, ಕೆಲವುದರಲ್ಲಿ ಕಟ್ ದಾಟಿದ್ದಾನೆ, ಕೆಲವುದರಲ್ಲಿ ಇಲ್ಲ. ಬರೆದಿಟ್ಟ ದಿನಾಂಕ ಇನ್ನೂ ದೂರವಿದೆ. ಆ ದಿನ ತಾವು ಮೂವರೇ ಕೂತರೆ ತಂದೆ ಮತ್ತೆ ಒಂದು ವರ್ಷ ಕೇಳುತ್ತಾರೆಂದು ಅಕ್ಕನಿಗೆ ಭಯ. ನಾನೂ ಇರಬೇಕೆಂದು ಕೇಳಿಕೊಂಡಿದ್ದಾಳೆ. ಬರುತ್ತೇನೆ ಎಂದಿದ್ದೇನೆ, ಆದರೆ ಮೊದಲು ತಮ್ಮನೇ ಮಾತಾಡಬೇಕು, ಅವನು ಮುಗಿಸುವವರೆಗೆ ತಂದೆಯೂ ನಾನೂ ಬಾಯಿ ಹಾಕಬಾರದು ಎಂಬ ಷರತ್ತಿನ ಮೇಲೆ.