ಖಾಸಗಿಯವರಿಗೇ ಪಿಂಚಣಿ ಇಲ್ಲ, ಸರ್ಕಾರಿ ನೌಕರರ ಹಳೆ ಪಿಂಚಣಿ ಹೋರಾಟವನ್ನು ನಾನ್ಯಾಕೆ ಬೆಂಬಲಿಸಬೇಕು?

ನಿಮ್ಮ ಪ್ರಶ್ನೆಯಲ್ಲಿ ಸಿಟ್ಟಿದೆ, ಇರಬೇಕಾದ್ದೇ. ನೀವು ಬರೆದಿದ್ದು ಇಷ್ಟು: ಖಾಸಗಿ ಕಂಪನಿಯಲ್ಲಿ ದುಡಿಯುತ್ತೀರಿ, ತೆರಿಗೆ ಕಟ್ಟುತ್ತೀರಿ, ನಿಮಗೆ ಪಿಂಚಣಿ ಅಂತ ಹೇಳಿಕೊಳ್ಳುವಂಥದ್ದು ಏನೂ ಇಲ್ಲ. ಹೀಗಿರುವಾಗ ಸರ್ಕಾರಿ ನೌಕರರು ಓಪಿಎಸ್, ಅಂದರೆ ಹಳೆ ಪಿಂಚಣಿ ಬೇಕು ಅಂತ ಬೀದಿಗೆ ಇಳಿದರೆ ನಿಮಗೇನಾಗಬೇಕು ಅಂತ. ನಾನು ಸರ್ಕಾರಿ ಹೈಸ್ಕೂಲ್ ಮೇಷ್ಟ್ರು, ಹೊಸ ಪಿಂಚಣಿ ಪದ್ಧತಿ, ಅಂದರೆ ಎನ್‌ಪಿಎಸ್‌ನವನು. ಅಂದರೆ ಈ ಉತ್ತರದಲ್ಲಿ ನನ್ನ ಸ್ವಾರ್ಥವೂ ಇದೆ. ಅದನ್ನು ಲೆಕ್ಕಕ್ಕೆ ಇಟ್ಟುಕೊಂಡೇ ಓದಿ.

ಕೇಂದ್ರ ಸರ್ಕಾರ 2004ರ ಜನವರಿ 1ರಿಂದ ಕೆಲಸಕ್ಕೆ ಸೇರಿದವರಿಗೆ ಹಳೆ ಪಿಂಚಣಿ ನಿಲ್ಲಿಸಿ ಎನ್‌ಪಿಎಸ್ ತಂದಿತು. ಸೇನೆಗೆ ಮಾತ್ರ ಇದು ಅನ್ವಯಿಸಲಿಲ್ಲ. ಕರ್ನಾಟಕದಲ್ಲಿ ಈ ಗೆರೆ ಬಿದ್ದಿದ್ದು 2006ರ ಏಪ್ರಿಲ್ 1ಕ್ಕೆ. ನಮ್ಮ ಸ್ಟಾಫ್ ರೂಮಿನಲ್ಲಿ ಗಣಿತದ ಮೇಡಂ ಗೆರೆಯ ಆ ಕಡೆ, ನಾನು ಈ ಕಡೆ. ಒಂದೇ ಹಾಜರಿ ಪುಸ್ತಕ, ಒಂದೇ ಥರದ ಪಾಠ, ಚುನಾವಣೆ ಡ್ಯೂಟಿ, ಗಣತಿ ಕೆಲಸ ಎಲ್ಲ ಒಂದೇ. ಸಂಬಳದ ಸ್ಲಿಪ್ ತೆಗೆದರೆ ಮಾತ್ರ ಬೇರೆ. ಕಡಿತಗಳ ಪಟ್ಟಿಯಲ್ಲಿ ಅವರಿಗೆ ಜಿಪಿಎಫ್ ಅಂತ ಇರುವ ಕಡೆ ನನಗೆ ಎನ್‌ಪಿಎಸ್ ಅಂತ ಇದೆ. ಜಿಪಿಎಫ್ ಅವರ ಸ್ವಂತ ಉಳಿತಾಯ, ಮಗಳ ಮದುವೆಗೋ ಮನೆ ಕಟ್ಟೋದಕ್ಕೋ ತೆಗೆಯಬಹುದು, ಅವರ ಪಿಂಚಣಿಗೂ ಅದಕ್ಕೂ ಸಂಬಂಧವೇ ಇಲ್ಲ. ನನಗೆ ಮೂಲವೇತನ ಮತ್ತು ತುಟ್ಟಿಭತ್ಯೆಯ ಶೇ 10 ಕಡಿತ. ಅದಕ್ಕೆ ಸರ್ಕಾರದ ಪಾಲೂ ಸೇರಿ, ಎರಡೂ ನನ್ನ ಹೆಸರಿನ ಪಿಂಚಣಿ ಖಾತೆಗೆ (ಪ್ರಾನ್) ಹೋಗಿ ಷೇರು, ಬಾಂಡು ಅಂತ ಹೂಡಿಕೆಯಾಗುತ್ತವೆ.

ನಿವೃತ್ತಿ ದಿನ ಏನಾಗುತ್ತದೆ ನೋಡಿ. ಮೇಡಂಗೆ ಪೂರ್ತಿ ಸೇವೆ ಆಗಿದ್ದರೆ ಕೊನೆಯ ಮೂಲವೇತನದ ಅರ್ಧ ಪಿಂಚಣಿ, ಅದರ ಮೇಲೆ ತುಟ್ಟಿಭತ್ಯೆ. ಬೆಲೆ ಏರಿದ ಹಾಗೆ ಅದೂ ಏರುತ್ತದೆ. ನನಗೆ ಒಟ್ಟುಗೂಡಿದ ಹಣದಲ್ಲಿ ಶೇ 60ರವರೆಗೆ ಕೈಗೆ ಬರುತ್ತದೆ, ಉಳಿದ ಕನಿಷ್ಠ ಶೇ 40ರಲ್ಲಿ ವಿಮಾ ಕಂಪನಿಯಿಂದ ಆನ್ಯುಯಿಟಿ, ಅಂದರೆ ತಿಂಗಳು ತಿಂಗಳು ಹಣ ಕೊಡುವ ಯೋಜನೆ, ಕೊಳ್ಳಲೇಬೇಕು. ಸುಮ್ನೆ ಒಂದು ಲೆಕ್ಕ ಹಾಕೋಣ. 30 ಲಕ್ಷ ಕೂಡಿತು ಅಂದುಕೊಳ್ಳಿ. 18 ಲಕ್ಷ ಕೈಗೆ, 12 ಲಕ್ಷ ಆನ್ಯುಯಿಟಿಗೆ. ವರ್ಷಕ್ಕೆ ಶೇ 6 ಸಿಕ್ಕರೆ ತಿಂಗಳಿಗೆ 6,000 ರೂಪಾಯಿ. ಅದೇ ಮೂಲವೇತನ 60,000 ಇದ್ದ ಹಳೆ ಪಿಂಚಣಿಯವರಿಗೆ 30,000, ಜೊತೆಗೆ ತುಟ್ಟಿಭತ್ಯೆ (ಡಿಎ). ಆ 18 ಲಕ್ಷ ಚಿಕ್ಕ ಮೊತ್ತ ಅಂತ ನಾನು ಹೇಳುವುದಿಲ್ಲ, ನಮ್ಮ ಸಂಘದ ಭಾಷಣಗಳಲ್ಲಿ ಅದನ್ನು ಬೇಕಂತಲೇ ಬಿಟ್ಟು 6,000ವನ್ನೇ ಕೂಗುತ್ತಾರೆ, ಅದು ಸರಿಯಲ್ಲ. ಆದರೆ ಆ 6,000 ನಾನು ಎಂಬತ್ತು ದಾಟಿದರೂ ಸಾಮಾನ್ಯವಾಗಿ 6,000ವೇ. ಅದಕ್ಕೆ ಡಿಎ ಇಲ್ಲ.

ನನ್ನ ಪ್ರಕಾರ ಜಗಳ ಇರುವುದು ಇಲ್ಲೇ. ಹಣ ಜಾಸ್ತಿಯೋ ಕಮ್ಮಿಯೋ ಅನ್ನುವುದು ಆಮೇಲಿನ ಮಾತು. ಮಾರುಕಟ್ಟೆ ಬಿದ್ದರೆ ಯಾರ ತಲೆ ಮೇಲೆ, ನಾನು ತೊಂಬತ್ತು ವರ್ಷ ಬದುಕಿಬಿಟ್ಟರೆ ಯಾರ ತಲೆ ಮೇಲೆ, ಅಕ್ಕಿ ಬೇಳೆ ದುಬಾರಿಯಾದರೆ ಯಾರ ತಲೆ ಮೇಲೆ? ಹಳೆ ಪದ್ಧತಿಯಲ್ಲಿ ಇದೆಲ್ಲ ಸರ್ಕಾರದ ತಲೆ ಮೇಲಿತ್ತು, ಈಗ ಒಬ್ಬೊಬ್ಬ ನೌಕರನ ತಲೆ ಮೇಲೆ ಇದೆ. ಪಿಂಚಣಿ ಭಿಕ್ಷೆಯಲ್ಲ, ದುಡಿದಿದ್ದಕ್ಕೆ ಬರಬೇಕಾದ್ದು ಅಂತ ಸುಪ್ರೀಂ ಕೋರ್ಟ್ 1982ರ ಡಿಸೆಂಬರ್ 17ರಂದು ನಿವೃತ್ತ ನೌಕರ ನಕಾರಾ ಅವರ ಪ್ರಕರಣದಲ್ಲಿ ಹೇಳಿತ್ತು. ಡಿಸೆಂಬರ್ 17ನ್ನು ಪಿಂಚಣಿದಾರರ ದಿನ ಅಂತ ಆಚರಿಸುವುದು ಅದಕ್ಕೇ.

ಇನ್ನು ಹೋರಾಟದ ವಿಷಯ. ಮುಷ್ಕರ ಹೂಡುವುದು ಸರ್ಕಾರಿ ನೌಕರರ ಮೂಲಭೂತ ಹಕ್ಕಲ್ಲ ಅಂತ 2003ರಲ್ಲಿ ಅದೇ ಕೋರ್ಟ್ ತಮಿಳುನಾಡಿನ ಪ್ರಕರಣದಲ್ಲಿ ಹೇಳಿಬಿಟ್ಟಿದೆ. ನಡತೆ ನಿಯಮ ಇರುವುದರಿಂದ ಒಂದು ಪಕ್ಷದ ಪರ ಪ್ರಚಾರ ಮಾಡುವ ಹಾಗೂ ಇಲ್ಲ. ಉಳಿದಿದ್ದು ಮನವಿ, ಧರಣಿ, ಮತ್ತೆ ಚುನಾವಣೆ ಹತ್ತಿರ ಬಂದಾಗ ಎಲ್ಲ ಪಕ್ಷದವರಿಗೂ ಒಂದೇ ಪ್ರಶ್ನೆ ಕೇಳುವುದು. ಇದು ನಡೆಯುತ್ತದೆ ಅಂತ ಗೊತ್ತಾಗಿದ್ದು ಹಿಮಾಚಲದಲ್ಲಿ. 2022ರ ಚುನಾವಣೆಯಲ್ಲಿ ಹಳೆ ಪಿಂಚಣಿ ದೊಡ್ಡ ವಿಷಯವಾಯಿತು, ಸರ್ಕಾರ ಬದಲಾಯಿತು, ಓಪಿಎಸ್ ವಾಪಸ್ ಬಂತು. ಅದಕ್ಕೂ ಮುಂಚೆ ರಾಜಸ್ಥಾನ, ಛತ್ತೀಸಗಢ, ಜಾರ್ಖಂಡ್, ಪಂಜಾಬ್ ಸರ್ಕಾರಗಳು ಒಪ್ಪಿದ್ದವು.

ನಮ್ಮಲ್ಲಿ 2023ರ ಮಾರ್ಚ್ 1ರಂದು ರಾಜ್ಯ ನೌಕರರ ಸಂಘ ಮುಷ್ಕರಕ್ಕೆ ಕರೆ ಕೊಟ್ಟಿತು. ಚುನಾವಣೆ ಎದುರಿಗಿತ್ತು. ಅದೇ ದಿನ ಸಂಬಳದ ಮೇಲೆ ಶೇ 17ರ ಮಧ್ಯಂತರ ಪರಿಹಾರದ ಆದೇಶ ಬಂತು, ಎನ್‌ಪಿಎಸ್ ಪರಿಶೀಲನೆಗೆ ಸಮಿತಿ ಅಂತಾಯಿತು, ಮುಷ್ಕರ ವಾಪಸ್. ಸಂಬಳಕ್ಕೆ ದುಡ್ಡು, ಪಿಂಚಣಿಗೆ ಸಮಿತಿ! ಎನ್‌ಪಿಎಸ್‌ನವರಿಗೆ ಆ ದಿನದ ಬೇಜಾರು ಇನ್ನೂ ಇದೆ. ಆಮೇಲೆ 2024ರ ಜನವರಿಯಲ್ಲಿ, 2006ರ ಏಪ್ರಿಲ್ 1ಕ್ಕೆ ಮುಂಚೆಯೇ ನೇಮಕಾತಿ ಅಧಿಸೂಚನೆಯಾಗಿ ಆಮೇಲೆ ಕೆಲಸಕ್ಕೆ ಸೇರಿದ ಸುಮಾರು 13,000 ಜನರಿಗೆ ಹಳೆ ಪಿಂಚಣಿ ಸಿಕ್ಕಿತು. ಉಳಿದವರು ಕಾಯುತ್ತಿದ್ದೇವೆ.

ಈಗ ನಿಮ್ಮ ತೆರಿಗೆಯ ಮಾತಿಗೆ ಬರೋಣ. ಖರ್ಚು ದೊಡ್ಡದೇ. ರಾಜ್ಯಗಳೆಲ್ಲ ಹಳೆ ಪಿಂಚಣಿಗೆ ಮರಳಿದರೆ ಹೊರೆ ಎನ್‌ಪಿಎಸ್‌ನ ಸುಮಾರು 4.5 ಪಟ್ಟು ಆಗಬಹುದು ಅಂತ 2023ರಲ್ಲಿ ಆರ್‌ಬಿಐನವರ ಒಂದು ಅಧ್ಯಯನ ಲೆಕ್ಕ ಹಾಕಿತ್ತು. ಇದರಲ್ಲಿ ಒಂದು ರಾಜಕೀಯ ಚಾಲಾಕಿಯೂ ಇದೆ, ಅದರ ಬಗ್ಗೆ ನಮ್ಮವರು ಬಾಯಿ ಬಿಡುವುದಿಲ್ಲ. ಹಳೆ ಪಿಂಚಣಿ ಘೋಷಿಸಿದ ಸರ್ಕಾರಕ್ಕೆ ಅವತ್ತಿನ ಮಟ್ಟಿಗೆ ಲಾಭ, ಯಾಕೆಂದರೆ ತಿಂಗಳು ತಿಂಗಳು ತನ್ನ ಪಾಲು ಕಟ್ಟುವುದು ನಿಲ್ಲುತ್ತದೆ. ಬಿಲ್ ಬರುವುದು ನನ್ನಂಥವರು ಸಾಲಾಗಿ ನಿವೃತ್ತರಾಗುವಾಗ, ಆಗ ಕುರ್ಚಿಯಲ್ಲಿ ಬೇರೆ ಯಾರೋ ಇರುತ್ತಾರೆ. ಈಗಾಗಲೇ ಎನ್‌ಪಿಎಸ್‌ನಲ್ಲಿ ಕೂಡಿರುವ ಹಣವನ್ನು ರಾಜ್ಯಗಳಿಗೆ ವಾಪಸ್ ಕೊಡಲು ಕಾನೂನಿನಲ್ಲಿ ಅವಕಾಶವಿಲ್ಲ ಅಂತ ಕೇಂದ್ರ ಬೇರೆ ಹೇಳಿದೆ. ಆದ್ದರಿಂದ ಬರೀ ಘೋಷಣೆಗೆ ಚಪ್ಪಾಳೆ ಹೊಡೆಯಲು ನನಗೆ ಮನಸ್ಸಿಲ್ಲ. ಹಣ ಎಲ್ಲಿಂದ ಅಂತ ನಾವೇ ಕೇಳಬೇಕು, ಇಲ್ಲದಿದ್ದರೆ ಮುಂದೊಂದು ದಿನ ಪಿಂಚಣಿ ತಡವಾಗಿ ಬಂದಾಗ ಒದ್ದಾಡುವವರೂ ನಾವೇ ಅಲ್ವಾ?

ಕೇಂದ್ರ 2025ರ ಏಪ್ರಿಲ್ 1ರಿಂದ ತನ್ನ ನೌಕರರಿಗೆ ಯುಪಿಎಸ್ (ಏಕೀಕೃತ ಪಿಂಚಣಿ ಯೋಜನೆ) ಅಂತ ತಂದಿದೆ. ನೌಕರರು ಶೇ 10 ಕಟ್ಟಬೇಕು, ಸರ್ಕಾರ ಶೇ 18.5 ಕಟ್ಟುತ್ತದೆ. 25 ವರ್ಷ ಸೇವೆ ಮಾಡಿದರೆ ಕೊನೆಯ 12 ತಿಂಗಳ ಮೂಲವೇತನದ ಸರಾಸರಿಯ ಅರ್ಧ ಖಾತ್ರಿ, 10 ವರ್ಷ ಮಾಡಿದ್ದರೂ ಕನಿಷ್ಠ 10,000, ಮೇಲೆ ತುಟ್ಟಿ ಪರಿಹಾರ. ನಮ್ಮ ಸಂಘಟನೆಗಳಲ್ಲಿ ಇದನ್ನು ಹೊಗಳಿದರೆ ಬೈಸಿಕೊಳ್ಳಬೇಕು. ಆದರೂ ಹೇಳುತ್ತೇನೆ, ನಾನೂ ಕಟ್ಟುತ್ತೇನೆ, ಖಾತ್ರಿ ಕೊಡಿ ಅನ್ನುವುದು ನಿಮ್ಮಂಥ ತೆರಿಗೆದಾರರ ಮುಂದೆ ನಿಂತು ವಾದಿಸಬಹುದಾದ ಬೇಡಿಕೆ. ಏನೂ ಕಟ್ಟದೆ ಎಲ್ಲ ಕೊಡಿ ಅನ್ನುವುದನ್ನು ವಾದಿಸುವುದು ಕಷ್ಟ.

ಹಾಗಾದರೆ ನಿಮಗೇನು? ನಿಮಗೂ ಬಹುಶಃ ಪಿಂಚಣಿ ಇದೆ, ಪಿಎಫ್ ಜೊತೆಗೇ ಇರುವ ಇಪಿಎಸ್-95 ಅಂತ, ಅಷ್ಟು ಚಿಕ್ಕದಾದ್ದರಿಂದ ಲೆಕ್ಕಕ್ಕೇ ಬಂದಿಲ್ಲ ಅಷ್ಟೆ. ಅದರಲ್ಲಿ ಪಿಂಚಣಿಯ ಲೆಕ್ಕಕ್ಕೆ ಹಿಡಿಯುವ ಸಂಬಳದ ಮಿತಿ 2014ರಿಂದ 15,000 ಅಂತಲೇ ಇಟ್ಟುಕೊಂಡು ಬಂದಿದ್ದಾರೆ, ಕನಿಷ್ಠ ಪಿಂಚಣಿ ಅದೇ ವರ್ಷದ 1,000 ರೂಪಾಯಿ. 15,000ದ ಮಿತಿಯಲ್ಲಿ 35 ವರ್ಷ ದುಡಿದರೂ ಸೂತ್ರದ ಪ್ರಕಾರ 7,500, ಅದಕ್ಕೂ ಡಿಎ ಇಲ್ಲ. ನನ್ನ 6,000ಕ್ಕೂ ನಿಮ್ಮ 7,500ಕ್ಕೂ ಏನು ವ್ಯತ್ಯಾಸ ಹೇಳಿ? ನಮಗೆ ಸಂಘ ಇದೆ, ನೌಕರರ ವೋಟಿಗೆ ಬೆಲೆ ಇದೆ, ಹಾಗಾಗಿ ನಮ್ಮ ಕೂಗು ಕೇಳಿಸುತ್ತದೆ. ಇಪಿಎಸ್ ಪಿಂಚಣಿದಾರರೂ ವರ್ಷಗಳಿಂದ ಧರಣಿ ಕೂರುತ್ತಿದ್ದಾರೆ, ಅವರ ಸುದ್ದಿ ಒಳಪುಟದಲ್ಲಿ ಎರಡು ಸಾಲು. ನಮ್ಮ ವೇದಿಕೆಗೆ ಅವರನ್ನು ಕರೆಯಬೇಕು ಅಂತ ಸಂಘದ ಸಭೆಯಲ್ಲಿ ಹೇಳಿದರೆ "ಅದು ಬೇರೆ ವಿಷಯ ಸರ್" ಅನ್ನುತ್ತಾರೆ. ನನಗೆ ಬೇರೆ ಅನ್ನಿಸುವುದಿಲ್ಲ.

ನೀವು ನಮ್ಮನ್ನು ಬೆಂಬಲಿಸಲೇಬೇಕು ಅಂತ ನಾನು ಕೇಳುವುದಿಲ್ಲ. ಇವತ್ತು ರಾತ್ರಿ ನಿಮ್ಮ ಪಿಎಫ್ ಪಾಸ್‌ಬುಕ್ ತೆಗೆದು ಪಿಂಚಣಿ ಕಾಲಂ ನೋಡಿ. ಸಂಬಳ 15,000 ದಾಟಿ ಎಷ್ಟೇ ಇರಲಿ, ಈ ಯೋಜನೆಯಲ್ಲಿರುವ ಬಹುತೇಕರಿಗೆ ತಿಂಗಳಿಗೆ 1,250 ಅಂತ ಇರುತ್ತದೆ, 15,000ಕ್ಕೆ ಶೇ 8.33 ಹಾಕಿದರೆ ಬರುವ ಮೊತ್ತ ಅದು. ಮುಂದಿನ ಸಲ ವೋಟು ಕೇಳಲು ಬಂದವರಿಗೆ ಓಪಿಎಸ್ ಕೊಡುತ್ತೀರಾ ಅಂತ ನಾನು ಕೇಳುತ್ತೇನೆ. ಆ 15,000ದ ಮಿತಿ ಯಾವಾಗ ಏರಿಸುತ್ತೀರಿ ಅಂತ ನೀವು ಕೇಳಿ.