ಹಳೆಯ ಮನೆಯ ಬಾಗಿಲು ಯಾರಿಗಾಗಿ?

ಪ್ರಶ್ನೆ: ಸಾಹಿತಿಗಳ ಹಳೆಯ ಮನೆಗಳನ್ನು ಎಲ್ಲರಿಗೂ ತೆರೆದಿಟ್ಟರೆ ಅವು ಸವೆದು ಹಾಳಾಗುವುದಿಲ್ಲವೇ? ಬೀಗ ಹಾಕಿ ಕಾಪಾಡುವುದೇ ಲೇಸಲ್ಲವೇ?
— ಓದುಗರೊಬ್ಬರು, ಮೈಸೂರು

ಉತ್ತರ: ನಿಮ್ಮ ಆತಂಕ ನ್ಯಾಯವಾದುದೇ. ಆದರೆ ನಿಮ್ಮ ಊರಿನ ಯಾದವಗಿರಿಯಲ್ಲಿರುವ ಆರ್.ಕೆ. ನಾರಾಯಣ್ ಅವರ ಮನೆಯನ್ನು 2011ರಲ್ಲಿ ಕೆಡವತೊಡಗಿದಾಗ ಅದನ್ನು ಉಳಿಸಿದ್ದು ಬೀಗವಲ್ಲ, ಜನರ ವಿರೋಧ. 2016ರಲ್ಲಿ ಅದು ವಸ್ತುಸಂಗ್ರಹಾಲಯವಾಗಿ ತೆರೆಯಿತು. ತೀರ್ಥಹಳ್ಳಿ ತಾಲ್ಲೂಕಿನ ಕುಪ್ಪಳಿಯಲ್ಲಿರುವ ಕುವೆಂಪು ಅವರ ಮನೆಯೂ ಇಂದು ಎಲ್ಲರೂ ನೋಡಬಹುದಾದ ಸಂಗ್ರಹಾಲಯ. ಇಂಥ ಮರದ ಮನೆಗಳಿಗೆ ಭೇಟಿಗಾರರ ಪಾದಗಳಿಗಿಂತ ಮಲೆನಾಡಿನ ತೇವ ಮತ್ತು ಗೆದ್ದಲೇ ದೊಡ್ಡ ಶತ್ರುಗಳು. ದಿನವೂ ಬಾಗಿಲು ತೆರೆದು, ಗುಡಿಸಿ, ಗಾಳಿಯಾಡಿಸುವ ಮನೆಯಲ್ಲಿ ದೋಷಗಳು ಬೇಗ ಕಣ್ಣಿಗೆ ಬೀಳುತ್ತವೆ. ಕಿರಿದಾದ ಮರದ ಮೆಟ್ಟಿಲುಗಳ ಮೇಲೆ ಒಮ್ಮೆಗೆ ಕೆಲವರನ್ನಷ್ಟೇ ಬಿಡಬೇಕು, ಹತ್ತಲಾರದ ವೃದ್ಧರಿಗೂ ಅಂಗವಿಕಲರಿಗೂ ಉಪ್ಪರಿಗೆಯ ಚಿತ್ರಗಳನ್ನು ಕೆಳಗೇ ತೋರಿಸಬೇಕು. ಇನ್ನೂ ಮುಖ್ಯವಾದುದು, ಒರಳು, ಕಡೆಗೋಲು, ಕಂಬಳಿಕೊಪ್ಪೆಗಳ ಬಳಕೆಯನ್ನು ಫಲಕಕ್ಕಿಂತ ಚೆನ್ನಾಗಿ ಬಲ್ಲ ಸುತ್ತಲಿನ ಊರಿನ ಹಿರಿಯರನ್ನೇ, ಸೂಕ್ತ ಸಂಭಾವನೆ ಕೊಟ್ಟು, ಶಾಲಾಮಕ್ಕಳಿಗೆ ವಿವರಿಸಲು ಕರೆಯುವುದು. ನೆರೆಯವರು ತಮ್ಮದೆಂದು ಭಾವಿಸದ ಮನೆಯನ್ನು ಕಾವಲುಗಾರನೊಬ್ಬನೇ ಬಹುಕಾಲ ಕಾಯಲಾರ ಎಂಬುದು ನನ್ನ ದೃಢವಾದ ಅಭಿಪ್ರಾಯ.